ಕೂತವರ ಬಿಪಿ, ನಡೆಯುವವರ ಬಿಪಿ

ಐದು ನಿಮಿಷ ಸುಮ್ಮನೆ ಕೂತಿರಿ, ಮಾತಾಡಬೇಡಿ ಎಂದು ಹೇಳಿ ಬಿಪಿ ನೋಡುವ ಪದ್ಧತಿ ದೇಹದ ಅಗತ್ಯಕ್ಕಿಂತ ಉಪಕರಣದ ಅಗತ್ಯಕ್ಕೇ ಹೆಚ್ಚು ಋಣಿ ಎಂಬುದು ನನ್ನ ವಾದ. 1896ರಲ್ಲಿ ಇಟಲಿಯ ಟುರಿನ್‌ನಲ್ಲಿ ವೈದ್ಯ ರಿವಾ-ರೋಚಿ ತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ಗಾಳಿ ತುಂಬಿ, ಮಣಿಕಟ್ಟಿನ ನಾಡಿ ನಿಂತ ಗಳಿಗೆಯಲ್ಲಿ ಪಾದರಸ ಎಲ್ಲಿಗೆ ಏರಿದೆಯೆಂದು ಓದಿಕೊಂಡ. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೈದ್ಯ ಕೊರೊಟ್ಕೊಫ್ ಮೊಣಕೈ ಮಡಿಕೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವ ದಾರಿ ತೋರಿಸಿದ. ಪಟ್ಟಿ ಸಡಿಲವಾಗುತ್ತಿದ್ದಂತೆ ಟಪ್ ಟಪ್ ಸದ್ದು ಹುಟ್ಟಿದಲ್ಲಿ ಮೇಲಿನ ಒತ್ತಡ, ಅಡಗಿದಲ್ಲಿ ಕೆಳಗಿನದು. ಅಷ್ಟು ಮೆಲುಸದ್ದು ಕಿವಿಗೆ ಬೀಳಬೇಕಾದರೆ ತೋಳು ಅಲುಗುವಂತಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಬಿಪಿ ನೋಡತೊಡಗಿದ ಅಮೆರಿಕದ ಜೀವವಿಮಾ ಕಂಪನಿಗಳಿಗೂ ಇದೇ ಅನುಕೂಲ: ಎಲ್ಲರನ್ನೂ ಒಂದೇ ಸ್ಥಿತಿಯಲ್ಲಿಟ್ಟು ಬರೆದುಕೊಂಡ ಅಂಕಿಗಳನ್ನಷ್ಟೇ ಒಂದಕ್ಕೊಂದು ಹೋಲಿಸಿ ಕಂತಿನ ಲೆಕ್ಕ ಹಾಕಬಹುದು.

ಹಾಗೆಂದು ದೇಹವನ್ನು ಕೆಣಕಿ ನೋಡುವ ಕುತೂಹಲ ಸತ್ತಿರಲಿಲ್ಲ. 1932ರಲ್ಲಿ ಮೇಯೋ ಕ್ಲಿನಿಕ್ಕಿನ ಹೈನ್ಸ್ ಮತ್ತು ಬ್ರೌನ್ ಜನರ ಕೈಯನ್ನು ಒಂದು ನಿಮಿಷ ಐಸ್ ನೀರಿನಲ್ಲಿ ಅದ್ದಿಸಿ ಬಿಪಿ ಎಷ್ಟು ಜಿಗಿಯುತ್ತದೆಂದು ಅಳೆದರು. ಹೆಚ್ಚು ಜಿಗಿದವರೇ ಮುಂದೆ ಬಿಪಿ ರೋಗಿಗಳಾದಾರು ಎಂಬ ಊಹೆ ಸೊಗಸಾಗಿತ್ತು. ನಂತರದ ಅಧ್ಯಯನಗಳು ಅದನ್ನು ಒಮ್ಮೆ ಎತ್ತಿಹಿಡಿದವು, ಒಮ್ಮೆ ಕೈಬಿಟ್ಟವು. ನೋವಿಗೆ ಬೆಚ್ಚುವ ದೇಹವೂ ಕೆಲಸಕ್ಕೆ ಒಗ್ಗುವ ದೇಹವೂ ಒಂದೇ ಅಲ್ಲವಲ್ಲ.

ಕೆಲಸಕ್ಕೆ ಒಗ್ಗುವ ದೇಹವನ್ನು ಹಂತಹಂತವಾಗಿ ನೋಡುವ ಕ್ರಮವನ್ನು ಸಿಯಾಟಲ್‌ನ ರಾಬರ್ಟ್ ಬ್ರೂಸ್ 1963ರ ಹೊತ್ತಿಗೆ ಟ್ರೆಡ್‌ಮಿಲ್ ಮೇಲೆ ರೂಪಿಸಿದ. ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಆರೋಗ್ಯವಂತರಲ್ಲಿ ಮೇಲಿನ ಒತ್ತಡ ಏರುತ್ತದೆ; ಸ್ನಾಯುಗಳ ರಕ್ತನಾಳ ಹಿಗ್ಗುವುದರಿಂದ ಕೆಳಗಿನದು ಇದ್ದಲ್ಲೇ ಇರುತ್ತದೆ ಅಥವಾ ತುಸು ಇಳಿಯುತ್ತದೆ. ನಾಳ ಹಿಗ್ಗಲು ಹಿಂಜರಿದರೆ ಅದೂ ಏರುತ್ತದೆ. 1999ರಲ್ಲಿ ಪ್ರಕಟವಾದ, ಅಮೆರಿಕದ ಒಂದು ಊರಿನ ಜನರ ಹೃದಯಾರೋಗ್ಯವನ್ನು ತಲೆಮಾರುಗಳಿಂದ ಗಮನಿಸುತ್ತ ಬಂದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಎರಡನೇ ತಲೆಮಾರಿನ ವಿಶ್ಲೇಷಣೆ, ಕೂತಾಗ ಬಿಪಿ ಸರಿಯಿದ್ದವರನ್ನೇ ಸುಮಾರು 8 ವರ್ಷ ಹಿಂಬಾಲಿಸಿತು. ನಡಿಗೆಯಲ್ಲಿ ಕೆಳಗಿನ ಒತ್ತಡ ಅತಿಯಾಗಿ ಏರಿದವರಲ್ಲಿ, ಗಂಡಸರಲ್ಲೂ ಹೆಂಗಸರಲ್ಲೂ, ಬಿಪಿ ಕಾಯಿಲೆ ಬರುವ ಸಾಧ್ಯತೆ ಹೆಚ್ಚಿತ್ತು. ಅವರು ಮೊದಲೇ ಗಡಿಯ ಹತ್ತಿರ ಇದ್ದವರಿರಬೇಕು ಎಂದು ಯಾರಾದರೂ ಆಕ್ಷೇಪಿಸಬಹುದು. ಕೂತಾಗಿನ ಬಿಪಿಯನ್ನೂ ವಯಸ್ಸನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ನಂಟು ಉಳಿದಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೆ ಕಿವಿಯದೇ. ಮೋಟಾರಿನ ಗುಂಯ್‌ಗುಟ್ಟುವಿಕೆ, ಹೆಜ್ಜೆಯ ಧಡಧಡ, ಬೀಸುವ ತೋಳು. ಇವುಗಳ ನಡುವೆ ಕೊರೊಟ್ಕೊಫ್‌ನ ಸದ್ದು ಕೆಲವೊಮ್ಮೆ ಸೊನ್ನೆಯವರೆಗೂ ಅಡಗುವುದೇ ಇಲ್ಲ. ಅಂದರೆ ಹೆಚ್ಚು ಸುಳಿವು ಕೊಡುವ ಅಂಕಿಯೇ ಕೇಳಲು ಅತಿ ಕಷ್ಟದ್ದು! ಅತಿ ಎನ್ನುವುದು ಎಲ್ಲಿಂದ ಎಂಬ ಬಗ್ಗೆಯೂ ಒಮ್ಮತವಿಲ್ಲ. ಮೇಲಿನ ಒತ್ತಡಕ್ಕೆ ಗಂಡಸರಲ್ಲಿ 210, ಹೆಂಗಸರಲ್ಲಿ 190 ಎಂದು ಹಲವರು ಹಿಡಿಯುತ್ತಾರೆ, ಎಲ್ಲರೂ ಅಲ್ಲ. ಕೂರಿಸಿ ಬಿಪಿ ನೋಡುವ ಕುರ್ಚಿಯನ್ನು ಕದಲಿಸಲು ಇಷ್ಟು ಸಾಲದು, ಒಪ್ಪೋಣ. ಆದರೆ ಅಳೆಯುವುದು ಕಷ್ಟವೆಂಬುದು ಸುಳಿವು ಸುಳ್ಳೆಂಬುದಕ್ಕೆ ಸಾಕ್ಷಿಯಾಗದು. ನಮ್ಮೂರುಗಳಲ್ಲಿ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ, ಮಾಡಿಸಿದವರು ಇಸಿಜಿ ನೆಗೆಟಿವ್ ಎಂಬ ಸಾಲು ಓದಿ ಹಾಳೆ ಮಡಚುತ್ತಾರೆ. ಹಂತಹಂತಕ್ಕೆ ಬರೆದ ಬಿಪಿ ಅದೇ ಹಾಳೆಯ ಒಂದು ಕಾಲಮ್ಮಿನಲ್ಲಿ ಇರುತ್ತದೆ.