ಸೂಲಗಿತ್ತಿ ನರಸಮ್ಮ: ಲೆಕ್ಕ ಬರೆದಿಡದ ಅಜ್ಜಿ

ನಿಮ್ಮ ಮನೆಯ ಹಿರಿಯರ ಆಧಾರ್ ಕಾರ್ಡ್ ಒಮ್ಮೆ ತೆಗೆದು ನೋಡಿ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಆಶ್ಚರ್ಯಪಡಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದುಕೊಂಡ ತಾರೀಕು ಅದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರಿಗೆ ಅದೂ ಇಲ್ಲ. ಜನನ, ಮರಣಗಳ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. ಅದು ನಮ್ಮ ಹಳ್ಳಿ, ಹಟ್ಟಿಗಳ ತನಕ ತಲುಪಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಹಾಗಾದರೆ ಯಾರು ಯಾವಾಗ ಹುಟ್ಟಿದರು ಅನ್ನೋದು ಯಾರಿಗೆ ಗೊತ್ತಿತ್ತು? ಹೆತ್ತ ತಾಯಿಗೆ ಗೊತ್ತಿತ್ತು. ಮಗುವನ್ನು ಮೊದಲು ಕೈಗೆತ್ತಿಕೊಂಡ ಸೂಲಗಿತ್ತಿಗೆ ಗೊತ್ತಿತ್ತು. ರಾಗಿ ಕುಯ್ಲಿನ ಹೊತ್ತು, ಅಮಾವಾಸ್ಯೆ ಆಗಿ ಮೂರನೇ ದಿನ, ಕೋಳಿ ಕೂಗುವ ಜಾವ. ಊರಿನ ಜನನದ ದಾಖಲೆ ಆ ಹೆಂಗಸಿನ ನೆನಪಿನಲ್ಲಿರುತ್ತಿತ್ತು. ಅಂಥ ಒಬ್ಬ ತಾಯಿಯನ್ನು ಇವತ್ತು ನೆನೆಯೋಣ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಕ್ಕೆ ಹೆಸರಾದ ಸೀಮೆ. ಹೆಚ್ಚುಕಮ್ಮಿ ಸುತ್ತಲೂ ಆಂಧ್ರ. ಅಲ್ಲಿನ ಕೃಷ್ಣಾಪುರದಲ್ಲಿ 1920ರಲ್ಲಿ ನರಸಮ್ಮ ಹುಟ್ಟಿದರು. ಮನೆಮಾತು ತೆಲುಗು. ಓದು, ಬರಹ ಇಲ್ಲ. 12ನೇ ವಯಸ್ಸಿಗೇ ಮದುವೆಯಾಯಿತು. ಒಟ್ಟು 12 ಮಕ್ಕಳನ್ನು ಹೆತ್ತರು, ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಊರಿನವರ ಮಕ್ಕಳನ್ನು ಎತ್ತಿಕೊಂಡ ಆ ಕೈಗಳು ತನ್ನವೇ ನಾಲ್ಕು ಮಕ್ಕಳನ್ನು ಕಳೆದುಕೊಂಡಿದ್ದವು ಅನ್ನೋದನ್ನು ಮರೆಯಬಾರದು.

ಈ ವಿದ್ಯೆ ಅವರಿಗೆ ಬಂದದ್ದು ಅಜ್ಜಿ ಮರಿಗೆಮ್ಮನಿಂದ. ನರಸಮ್ಮನ ಐದು ಹೆರಿಗೆಗಳನ್ನು ಮಾಡಿಸಿದ್ದೂ ಆ ಅಜ್ಜಿಯೇ. ಮೊಮ್ಮಗಳು ಹೆರುತ್ತಾ ಹೆರುತ್ತಾ ಹೆರಿಗೆ ಮಾಡಿಸುವುದನ್ನೂ ಕಲಿತಳು. 1940ರಲ್ಲಿ, 20ನೇ ವಯಸ್ಸಿಗೆ, ಹತ್ತಿರದ ನೆಂಟರೊಬ್ಬರ ಹೆರಿಗೆಗೆ ಕೈಹಾಕಿದರು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ಬಸುರಿಯರಿಗೆ ಕೊಡುವ ನಾಟಿ ಔಷಧಿ ತಿಳಿದುಕೊಂಡರು. ಹೊಟ್ಟೆ ಮುಟ್ಟಿ ನೋಡಿ ಮಗುವಿನ ತಲೆ ಎತ್ತ ಇದೆ, ನಾಡಿ ಹೇಗಿದೆ ಎಂದು ಹೇಳುತ್ತಿದ್ದರಂತೆ.

ಸುಮಾರು 70 ವರ್ಷಗಳಲ್ಲಿ ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎನ್ನುತ್ತಾರೆ. ನೀವೇ ಲೆಕ್ಕ ಹಾಕಿ. ವರ್ಷಕ್ಕೆ ಇನ್ನೂರರ ಮೇಲಾಯಿತು, ಅಂದರೆ ಎರಡು ದಿನಕ್ಕೆ ಒಂದಕ್ಕಿಂತ ಹೆಚ್ಚು. ಮಳೆಯೋ, ಕತ್ತಲೆಯೋ, ಮನೆಯಲ್ಲಿ ಹಸುಗೂಸೋ, ಕರೆ ಬಂದರೆ ಎದ್ದು ಹೋಗಬೇಕು. ಇದಕ್ಕೆಲ್ಲ ಅವರು ಕಾಸು ಕೇಳಲಿಲ್ಲ.

ಸೂಲಗಿತ್ತಿಯರ ಬಗ್ಗೆ ಹೇಳುವಾಗ ಇನ್ನೆರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಎಷ್ಟೋ ಊರುಗಳಲ್ಲಿ ಈ ಕೆಲಸ ತಳಜಾತಿಯ ಹೆಂಗಸರ ಪಾಲಿಗೆ ಬಂದಿತ್ತು. ನೋವು ಬಂದ ರಾತ್ರಿ ಒಳಕೋಣೆಗೆ ಕರೆದವರೇ ಸೂತಕ ಕಳೆದ ಮೇಲೆ ಅವರನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದರು. ಎಲೆ, ಅಡಿಕೆ, ಒಂದಿಷ್ಟು ಅಕ್ಕಿ, ಒಂದು ಕುಪ್ಪಸದ ಕಣ ಕೊಟ್ಟರೆ ಋಣ ತೀರಿತು ಅಂದುಕೊಳ್ಳುತ್ತಿದ್ದರು.

ಎರಡನೆಯದು, ಆ ಕಾಲವನ್ನು ಬರೀ ಹೊಗಳಿ ಕೂರುವಂತಿಲ್ಲ. ಹೆರಿಗೆಯಲ್ಲಿ ಸತ್ತ ಹೆಣ್ಣುಮಗಳ ಕಥೆ ಊರೂರಲ್ಲೂ ಇತ್ತು. ರಕ್ತಸ್ರಾವ ನಿಲ್ಲದಿದ್ದರೆ ಎಂಥ ಪಳಗಿದ ಕೈಗೂ ದಾರಿ ಇರಲಿಲ್ಲ. ಹತ್ತಿರ ಆಸ್ಪತ್ರೆ ಇರಲಿಲ್ಲ, ಇದ್ದರೂ ಗಾಡಿ ಇರಲಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಮೇಲೆ ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ ನಮ್ಮ ರಾಜ್ಯಕ್ಕೆ 108 ಆಂಬ್ಯುಲೆನ್ಸ್ ಬಂತು. ಇವತ್ತು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಆದರೆ ಅದೆಲ್ಲ ಬರುವ ಮೊದಲು ನಮ್ಮ ಹಳ್ಳಿಯ ಬಸುರಿಯರಿಗೆ ಇದ್ದ ಆಸ್ಪತ್ರೆ ಅಂದರೆ ಇಂಥ ಅಜ್ಜಿಯರೇ.

ಸರ್ಕಾರದ ಕಣ್ಣಿಗೆ ನರಸಮ್ಮ ಬಿದ್ದಾಗ ಅವರಿಗೆ ತೊಂಬತ್ತು ದಾಟಿತ್ತು. 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ, ಅಕ್ಷರ ಕಲಿಯದ ಈ ತಾಯಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನರಸಮ್ಮನ ಹೆಸರು ಉಳಿಯಿತು. ಅವರ ಹಾಗೆ ದುಡಿದ ಮಿಕ್ಕ ಸೂಲಗಿತ್ತಿಯರ ಹೆಸರು ಯಾವ ಕಡತದಲ್ಲೂ ಇಲ್ಲ. ಬಾಣಂತಿಗೆ ನೀರು ಹಾಕಿದವರು, ಹೊಕ್ಕುಳಬಳ್ಳಿ ಕತ್ತರಿಸಿದವರು, ಬೆಳಗಾಗುವ ಮುಂಚೆ ಸದ್ದಿಲ್ಲದೆ ಮನೆಗೆ ನಡೆದವರು.

ಮನೆಯಲ್ಲಿ ಅಮ್ಮನೋ ಅಜ್ಜಿಯೋ ಇದ್ದರೆ ಇವತ್ತೇ ಕೇಳಿ: "ನಿನ್ನ ಹೆರಿಗೆ ಮಾಡಿಸಿದ್ದು ಯಾರು? ಅವರ ಮನೆ ಎಲ್ಲಿತ್ತು? ಏನು ಕೊಟ್ಟು ಕಳಿಸಿದ್ರಿ?" ಹೇಳಿದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಹೆಸರು ನೆನಪಿಗೆ ಬಂದರೆ ಒಂದು ಪುಸ್ತಕದಲ್ಲಿ ಬರೆದಿಡಿ. ಅಜ್ಜಿಗೆ ಮರೆವು ಬರುವ ಮೊದಲೇ ಈ ಕೆಲಸ ಆಗಲಿ.