ಬಲಂ ಸೀಮೆಗೆ ಕೋಟೆ ಕಟ್ಟಿದ್ದು ಮಳೆ

ಮಂಜರಾಬಾದ್ ಕೋಟೆ ನೋಡಲು ಬರುವವರೆಲ್ಲ ಎಂಟು ಮೂಲೆಯ ನಕ್ಷತ್ರದ ಫೋಟೋ ತಗೊಂಡು ಹೋಗುತ್ತಾರೆ. ಟಿಪ್ಪು 1792ರಲ್ಲಿ ಕಟ್ಟಿಸಿದ, ಗುಡ್ಡಕ್ಕೆ ಮಂಜು ಕವಿದದ್ದು ನೋಡಿ ಮಂಜರಾಬಾದ್ ಅಂತ ಹೆಸರಿಟ್ಟ. ಅಷ್ಟಕ್ಕೆ ನಮ್ಮ ಸೀಮೆ ಚರಿತ್ರೆ ಮುಗೀತು ಅಂತ ತಿಳ್ಕೊಂಡಿದ್ದಾರೆ. ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಇಳಿಯುವ ಘಾಟಿ ದಾರಿ ಕಾಯಲು ಆ ಕೋಟೆ ಬೇಕಾಯ್ತು ಅನ್ನೋದು ಸರಿ. ಆದರೆ ಯಾರಿಂದ ಕಾಯಬೇಕಿತ್ತು? ನನ್ನ ಲೆಕ್ಕದಲ್ಲಿ ಸಮುದ್ರದ ಕಡೆಯಿಂದ ಬರುವ ಇಂಗ್ಲಿಷರಿಂದ ಎಷ್ಟೋ, ನಮ್ಮ ಬಲಂ ಪಾಳೇಗಾರರಿಂದಲೂ ಅಷ್ಟೇ.

ಬಲಂ ಅಂದರೆ ಈಗಿನ ಸಕಲೇಶಪುರದ ಮಲೆ ಸೀಮೆ, ಅಕ್ಕಪಕ್ಕದ ನಾಡುಗಳೂ ಸೇರಿ. ಐಗೂರಿನವರು ಅಂತ ನಾವು ಕರೆಯುವುದು ಇದೇ ಮನೆತನವನ್ನು. 1792ರ ಯುದ್ಧದಲ್ಲಿ ಇಲ್ಲಿನ ಕೃಷ್ಣಪ್ಪ ನಾಯಕ ಟಿಪ್ಪುವಿನ ವಿರೋಧಿ ಪಾಳೆಯ ಸೇರಿದ. ಯುದ್ಧ ಮುಗಿದು ಅವರವರೇ ರಾಜಿಯಾದಾಗ ಇವನಿಗೆ ಹೆದರಿಕೆಯಾಗಿ ಕೊಡಗಿಗೆ ಓಡಿಹೋದ. ಟಿಪ್ಪು ವಾಪಸ್ ಕರೆಸಿ ಐಗೂರು ಸೀಮೆ ಮಾತ್ರ ಕೊಟ್ಟು ಉಳಿದ ಬಲಂ ಅನ್ನು ತನ್ನ ಕೈಯಲ್ಲಿಟ್ಟುಕೊಂಡ. ತಲೆ ಕಡಿಸಬಹುದಿತ್ತು, ಕಡಿಸಲಿಲ್ಲ. ಯಾಕೆ ಅನ್ನೋದಕ್ಕೆ ಮುಂದಿನ ಕಥೆಯಲ್ಲಿ ಉತ್ತರ ಇದೆ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕೃಷ್ಣಪ್ಪ ನಾಯಕನ ಮಗ ವೆಂಕಟಾದ್ರಿ ನಾಯಕ, ಇನ್ನು ಬಲಂ ನಮ್ಮದೇ, ಕಂಪನಿಗೂ ಮೈಸೂರಿಗೂ ಕಪ್ಪ ಇಲ್ಲ ಅಂತ ಕೂತ. ಶ್ರೀರಂಗಪಟ್ಟಣದಂಥ ಕೋಟೆಯನ್ನು ಒಂದು ತಿಂಗಳ ಮುತ್ತಿಗೆಯಲ್ಲಿ ಕೆಡವಿದವರಿಗೆ ಈ ನಾಲ್ಕು ಗುಡ್ಡದ ನಾಯಕನನ್ನು ಹಿಡಿಯಲು 1802ರ ಫೆಬ್ರುವರಿ ಬರಬೇಕಾಯ್ತು. ಹತ್ತಿರ ಹತ್ತಿರ ಮೂರು ವರ್ಷ. ಎದುರಿಗಿದ್ದವನು ಸಾಮಾನ್ಯನಲ್ಲ, ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿ ಹೆಸರಾದ ವೆಲಿಂಗ್ಟನ್ ಅವನೇ.

ಈ ಮೂರು ವರ್ಷದ ಗುಟ್ಟು ಪುಸ್ತಕದಲ್ಲಿ ಓದಿದರೆ ಅರ್ಥ ಆಗಲ್ಲ. ಮಳೆಯಲ್ಲಿ, ದಾರಿ ಬಿಟ್ಟು, ಒಂದು ಗುಡ್ಡ ಹತ್ತಿದರೆ ಆಗುತ್ತದೆ. ಈ ಸಲ ಪುಷ್ಯ ಮಳೆಯಲ್ಲಿ ನಾವು ಮೂರು ಜನ ಹತ್ತಿದೆವು. ಬಿಸಿಲೆ ಕಡೆಯ ಗುಡ್ಡ, ಅರಣ್ಯದವರ ಗಡಿಯಿಂದ ಈಚೆಗೆ. ಹೆಸರು ಬರೆಯಲ್ಲ. ಬರೆದರೆ ಮುಂದಿನ ಭಾನುವಾರ ಐವತ್ತು ಬೈಕ್ ಬರ್ತವೆ, ಬಾಟಲಿ ಆರಿಸುವ ಕೆಲಸ ಅಲ್ಲಿನವರಿಗೆ.

ಜೊತೆಗೆ ಬಂದವರು ಪಕ್ಕದ ತೋಟದ ಅಣ್ಣ, ಎಪ್ಪತ್ತು ದಾಟಿದೆ. ಇನ್ನೊಬ್ಬ ಅವರ ಅಕ್ಕನ ಮೊಮ್ಮಗ. ಹಿಂದಿನ ರಾತ್ರಿ ನಮ್ಮ ಮಳೆ ಮಾಪಕದಲ್ಲಿ 2 ಇಂಚು 80 ಸೆಂಟು ಇತ್ತು. ಅಲ್ಲಿ ಅದರ ಮೇಲೇ ಬಿದ್ದಿತ್ತು. ಆಲೂರು ಪೇಟೆಗೂ ಬಿಸಿಲೆ ಅಂಚಿಗೂ ದೂರ ಹೆಚ್ಚಿಲ್ಲ, ಮಳೆ ಮಾತ್ರ ಮೂರು ನಾಲ್ಕು ಪಟ್ಟು. ಮೊಬೈಲಿನಲ್ಲಿ ಆನೆ ಮೆಸೇಜ್ ನೋಡಿಕೊಂಡು, ಕೊನೇ ಮನೆ ಹತ್ತಿರ ಬೈಕ್ ನಿಲ್ಲಿಸಿ, ಕಾಲಿಗೆ ಸುಣ್ಣ ಹೊಗೆಸೊಪ್ಪು ಉಜ್ಜಿಕೊಂಡು ಏಳು ಗಂಟೆಗೆ ಹೊರಟೆವು.

ಮೊದಲು ಒಂದು ಹಳ್ಳ. ಮೊಣಕಾಲುದ್ದ ನೀರು. ದಾಟಿದ ಮೇಲೆ ಇದ್ದ ಬದ್ದ ಕಾಲುದಾರಿಯೂ ಮುಗೀತು. ಅಲ್ಲಿಂದ ಕಮ್ಯುನಿಸ್ಟ್ ಗಿಡ, ವಾಟೆ ಮೆಳೆ, ಕತ್ತಿ ಬೀಸಿ ಜಾಗ ಮಾಡಿಕೊಳ್ಳಬೇಕು.

"ಇಲ್ಲೇ ನಮ್ಮಪ್ಪ ಬೇಸಿಗೇಲಿ ದನ ಹೊಡ್ಕೊಂಡು ಹತ್ತಿಸ್ತಿದ್ದ ಕಣಯ್ಯ" ಅಂದರು ಅಣ್ಣ.

"ದಾರಿ ಎಲ್ಲಿದೆ ತಾತ?" ಅಂದ ಹುಡುಗ.

"ದನ ಹೋಗೋದು ನಿಂತ ಮೇಲೆ ದಾರಿ ಎಲ್ಲಿರ್ತದೆ. ಈಗ ಆನೇನ ಕೇಳ್ಬೇಕು."

ತಮಾಷೆಗೆ ಹೇಳಿದರೂ ಮಾತು ನಿಜ. ಮೆಳೆ ದಾಟಿದ ಮೇಲೆ ನಾವು ಹತ್ತಿದ್ದೆಲ್ಲ ಆನೆ ತುಳಿದ ಜಾಡಿನಲ್ಲೇ. ಲದ್ದಿ ಹಳೆಯದು, ಮಳೆಗೆ ಕರಗಿ ನಾರು ಮಾತ್ರ ಉಳಿದಿತ್ತು. ಆನೆ ನೆಟ್ಟಗೆ ಹತ್ತುವುದಿಲ್ಲ, ಗುಡ್ಡದ ಪಕ್ಕೆ ಸುತ್ತಿ ಸುತ್ತಿ ಹತ್ತುತ್ತದೆ. ಆ ಜಾಡು ಬಿಟ್ಟು ಹತ್ತು ಹೆಜ್ಜೆ ಆಚೆ ಇಟ್ಟರೆ ಕಾಲು ನಿಲ್ಲದು, ಕರಿ ಮಣ್ಣು ಬೆಣ್ಣೆ ಹಾಗೆ ಜಾರುತ್ತದೆ. ಹುಲ್ಲುಬೋಳು ಸಿಕ್ಕ ಮೇಲೆ ಸುಲಭ ಅಂದುಕೊಂಡರೆ ಮಂಜು ಇಳಿಯಿತು. ಇಪ್ಪತ್ತು ಅಡಿ ಮುಂದಿದ್ದ ಹುಡುಗ ಕಾಣಲಿಲ್ಲ. ಒಬ್ಬರಿಗೊಬ್ಬರು ಕೂ ಹಾಕಿಕೊಂಡು ಹೋದೆವು. ಎದುರು ಗಾಳಿಗೆ ಮಳೆ ಮೇಲಿಂದ ಬೀಳದೆ ಕೆಳಗಿಂದ ಬರುತ್ತಿತ್ತು. ಕೊಡೆ ಪ್ರಯೋಜನ ಇಲ್ಲ. ಅಣ್ಣನ ಕಂಬಳಿ ಕೊಪ್ಪೆ ಒಂದೇ ತಡೆದದ್ದು, ನಮ್ಮ ದುಡ್ಡು ಕೊಟ್ಟ ರೇನ್‌ಕೋಟುಗಳ ಒಳಗೆ ನೀರು. ಉಂಬಳದ ವಿಷಯ ಬಿಡಿ, ನಿಮಗೆಲ್ಲ ಗೊತ್ತಿದ್ದದ್ದೇ.

ನೆತ್ತಿ ಸೇರಿದಾಗ ಹನ್ನೊಂದೂಮುಕ್ಕಾಲು. ನೇರ ಲೆಕ್ಕಕ್ಕೆ ಮೂರು ಕಿಲೋಮೀಟರ್ ಇರಬಹುದು, ನಾಲ್ಕೂಮುಕ್ಕಾಲು ಗಂಟೆ ತಗೊಂಡಿತು. ಬಂಡೆ ಮರೆಯಲ್ಲಿ ಕೂತು ಅಕ್ಕಿ ರೊಟ್ಟಿ ತಿಂದೆವು. ಏನೂ ಕಾಣಲಿಲ್ಲ, ಬರೀ ಬಿಳಿ. ಬೆಂಕಿಪೊಟ್ಟಣ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದರೂ ಕಡ್ಡಿ ಹತ್ತಲಿಲ್ಲ. ನನಗೆ ಆಗ ಹೊಳೆದದ್ದು ಅದೇ. ಆಗಿನ ಬಂದೂಕು ಕಲ್ಲಿನ ಕಿಡಿಯಿಂದ ಹತ್ತುವಂಥದ್ದು. ಕಿವಿಯ ಹತ್ತಿರದ ಬಟ್ಟಲಿನಲ್ಲಿ ಒಂದು ಚಿಟಿಕೆ ಮದ್ದು ಬಿಚ್ಚಿಟ್ಟಿರಬೇಕು. ಒಂದು ಹನಿ ಬಿದ್ದರೆ ಬಂದೂಕು ದೊಣ್ಣೆಯಾಯ್ತು. ಬರಿಗೈಲಿ ಮೂರು ಜನಕ್ಕೆ ಇಷ್ಟು ಹೊತ್ತಾದರೆ, ಮದ್ದಿನ ಚೀಲ, ಗುಂಡು, ಅಕ್ಕಿ ಹೇರಿದ ಎತ್ತುಗಳ ಸಾಲು ಏನಾಗಬೇಕು? ವೆಲ್ಲೆಸ್ಲಿಯ ಕಾಗದಗಳಲ್ಲಿ ಶತ್ರುವಿನ ವಿಷಯದಷ್ಟೇ ಎತ್ತು, ಅಕ್ಕಿ ವಿಷಯ ಬರುತ್ತದೆ. ಎತ್ತು ನಡೆಯದ ಕಡೆ ಅವನ ಸೈನ್ಯ ನಡೆಯುವಂತಿರಲಿಲ್ಲ.

ಇಳಿದು ಬರುವಾಗ ಮೂರು ಗಂಟೆ. ಬೆಳಿಗ್ಗೆಯ ಮೊಣಕಾಲುದ್ದದ ಹಳ್ಳ ಸೊಂಟ ಮೀರಿ, ಕೆಂಪಗೆ, ಮರದ ಕೊಂಬೆ ಉರುಳಿಸಿಕೊಂಡು ಹೋಗ್ತಿತ್ತು. ಹುಡುಗ ಇಳಿಯಲು ಹೋದ. ಅಣ್ಣ ರಟ್ಟೆ ಹಿಡಿದು ಎಳೆದರು. "ಕೂರು. ಮೇಲೆ ಮಳೆ ಹೊಳವಾದ್ರೆ ಇಳೀತದೆ." ಒಂದೂವರೆ ಗಂಟೆ ನಡುಗುತ್ತಾ ಕೂತೆವು. ನೀರು ತೊಡೆಗೆ ಇಳಿದ ಮೇಲೆ ಮರಕ್ಕೆ ಹಗ್ಗ ಕಟ್ಟಿ ಒಬ್ಬೊಬ್ಬರೇ ದಾಟಿದೆವು. ಹಗ್ಗ ಬಿಟ್ಟು ಕೈ ಜಾರಿದ್ದರೆ ಹುಡುಗನನ್ನು ಕುಮಾರಧಾರೆಯಲ್ಲಿ ಹುಡುಕಬೇಕಿತ್ತು.

ಈಗ 1800ನೇ ಇಸವಿಗೆ ಬನ್ನಿ. ಆ ವರ್ಷ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ, ಅವರ ಕಾಗದಗಳಲ್ಲಿ ಅರಕೇರಿ ಅಂತ ಬರುವ ನಾಯಕನ ಭದ್ರ ಜಾಗದ ಮೇಲೆ ಬಿತ್ತು. ಮೊದಲ ಸಲ ಪೆಟ್ಟು ತಿಂದು ವಾಪಸಾಯ್ತು. ತಿಂಗಳ ಕೊನೆಗೆ ಮಾಂಟ್ರೆಸರ್ ಅನ್ನುವ ಅಧಿಕಾರಿ ಹೆಚ್ಚು ಜನ ಕಟ್ಟಿಕೊಂಡು ಬಂದು ಗೆದ್ದ. ಗೆದ್ದರೂ ಏನು ಬಂತು? ಮೇ ತಿಂಗಳಿಗೆ ನಮ್ಮಲ್ಲಿ ಗುಡುಗು ಮಳೆ, ಜೂನ್‌ಗೆ ಮುಂಗಾರು. ಅದೇ ಹೊತ್ತಿಗೆ ವೆಲ್ಲೆಸ್ಲಿ ಧೋಂಡಿಯ ವಾಘನ ಬೆನ್ನು ಹತ್ತಿ ಉತ್ತರಕ್ಕೆ ಹೋದ. ಇಲ್ಲಿ ನಿಂತು ಕಾಯುವವರಿಲ್ಲ, ನಿಂತರೂ ಅನ್ನ ಮುಟ್ಟಿಸುವ ದಾರಿಯಿಲ್ಲ. ನಾಯಕ ಮತ್ತೆ ಬಂದು ಕೂತ. ಧೋಂಡಿಯ ಸೆಪ್ಟೆಂಬರಿನಲ್ಲಿ ಸತ್ತ ಮೇಲೂ ಬಲಂ ಒಂದು ವರ್ಷದ ಮೇಲೆ ತಲೆಯೆತ್ತಿಕೊಂಡೇ ಇತ್ತು.

1802ಕ್ಕೆ ವೆಲ್ಲೆಸ್ಲಿ ಖುದ್ದಾಗಿ ಬಂದ. ಯಾವಾಗ? ಜನವರಿಯಲ್ಲಿ. ಹಳ್ಳ ಬತ್ತಿರುತ್ತದೆ, ಗದ್ದೆ ಕೊಯ್ಲು ಆಗಿ ಒಣಗಿರುತ್ತದೆ, ಕಣದಲ್ಲಿ ಭತ್ತ ಇರುತ್ತದೆ, ಮುಂದೆ ನಾಲ್ಕು ತಿಂಗಳು ಕೈಯಲ್ಲಿರುತ್ತದೆ. ಪೂರ್ಣಯ್ಯನವರ ಮೈಸೂರು ಕುದುರೆ ಸೇನೆಯೂ ಜೊತೆಗಿತ್ತು. ಜನವರಿ 16ರಂದು ಮೂರು ಕಡೆಯಿಂದ ನುಗ್ಗಿ ಅರಕೇರಿ ಹಿಡಿದರು. ನಾಯಕ ಕಾಡು ಸೇರಿದ. ಫೆಬ್ರುವರಿಯಲ್ಲಿ ಸಿಕ್ಕಿಬಿದ್ದ, ಮಾರನೇ ದಿನವೇ ಇನ್ನೂ ಆರು ಜನರ ಜೊತೆ ಗಲ್ಲಿಗೆ ಹಾಕಿದರು. ವಿಚಾರಣೆ ಗಿಚಾರಣೆ ಅಂತ ದಿನ ತಳ್ಳಲಿಲ್ಲ. ಅದು ಸರಿಯೇ ಅಂತ ನೀವು ಕೇಳಿದರೆ, ನಾನಂತೂ ಸರಿ ಅನ್ನಲ್ಲ. ಆಳುವವರು ಬದಲಾದಾಗ ಕಪ್ಪ ನಿಲ್ಲಿಸೋದು ಆ ಕಾಲದ ಎಲ್ಲ ಪಾಳೇಗಾರರೂ ಮಾಡಿದ ಕೆಲಸ. ಹತ್ತು ವರ್ಷದ ಹಿಂದೆ ಟಿಪ್ಪು ಇವನ ಅಪ್ಪನನ್ನು ಕರೆದು ಸೀಮೆ ಕೊಟ್ಟಿದ್ದ. ನನಗನ್ನಿಸೋದು, ಈ ಮಲೆಯನ್ನು ಮಳೆಗಾಲದಲ್ಲೂ ಹಿಡಿದಿಟ್ಟುಕೊಳ್ಳಬಲ್ಲವರು ಇಲ್ಲಿನವರೇ ಅಂತ ಅವನಿಗೆ ಗೊತ್ತಿತ್ತು.

ಗಲ್ಲಿಗಿಂತ ದೊಡ್ಡ ಶಿಕ್ಷೆ ಆಮೇಲೆ ಕೊಟ್ಟದ್ದು. ಆಗ ನಮ್ಮ ಮಲೆಯ ಊರುಗಳಿಗೆ ಸುತ್ತ ಅಗಳು, ಮುಳ್ಳಿನ ಬೇಲಿ, ಕಾಡಿನೊಳಗೆ ಒಂದೇ ಇಕ್ಕಟ್ಟಿನ ಬಾಗಿಲು ಇರುತ್ತಿತ್ತು. ಅವನ್ನೆಲ್ಲ ಕೆಡವಿಸಿದರು. ಜನರ ಕೈಲಿದ್ದ ಆಯುಧ ಕಿತ್ತುಕೊಂಡರು. ಕಾಡು ಕಡಿದು ರಸ್ತೆ ತೆಗೆಸಿದರು. ಇನ್ನು ಮುಂದೆ ಎತ್ತು ಬಂದೂಕು ಎರಡೂ ಒಳಗೆ ಬರಬೇಕು ಅಂತ. ರಸ್ತೆ ಆದ ಮೇಲೆ ಮಳೆ ನಮ್ಮ ಕಡೆಯ ಸಿಪಾಯಿ ಆಗಿ ಉಳಿಯಲಿಲ್ಲ.

ಆಮೇಲಿನದು ನಿಮಗೆ ಗೊತ್ತು. 1856ರ ಹೊತ್ತಿಗೆ ರಾಬರ್ಟ್ ಎಲಿಯಟ್‌ನಂಥ ದೊರೆಗಳು ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದರು. ಮಂಗಳೂರು ರೈಲು ಬಂತು, ಸಕಲೇಶಪುರ ಸುಬ್ರಹ್ಮಣ್ಯದ ನಡುವೆ 57 ಸುರಂಗ. ರಸ್ತೆ ಅಗಲ ಆಗ್ತಾ ಆಗ್ತಾ ಗುಡ್ಡದ ಬುಡ ಕೊರೆದರು. 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲೂ ರೈಲು ದಾರಿಯಲ್ಲೂ ಗುಡ್ಡ ಇಳಿಯಿತು, 2024ರ ಜುಲೈನಲ್ಲಿ ದೊಡ್ಡತಪ್ಪಲಿನಲ್ಲಿ ಮತ್ತೆ. ಆನೆ ಜಾಡು ಮಾತ್ರ ಆ ಗುಡ್ಡದ ಪಕ್ಕೆಯಲ್ಲಿ ಹಾಗೇ ಇದೆ, ಒಂದು ಕಡೆಯೂ ಕುಸಿದಿರಲಿಲ್ಲ. ನೆಟ್ಟಗೆ ಕೊರೆಯದೆ ಸುತ್ತಿ ಹೋದದ್ದಕ್ಕೆ ಇರಬೇಕು.

ಗುಡ್ಡದ ಬುಡದಲ್ಲಿ, ಹಳ್ಳದಿಂದ ಈಚೆಗೆ, ಒಂದು ಅಗಳು ಇದೆ. ಅರ್ಧ ಮುಚ್ಚಿಹೋಗಿ ಒಳಗೆ ಮರ ಬೆಳೆದಿದೆ. ಅಣ್ಣ ಅದನ್ನು ಐಗೂರಿನವರ ಕಾಲದ್ದು ಅಂತಾರೆ. ನಮ್ಮ ಕಡೆ ಹಳೇ ಅಗಳು ಕಂಡರೆ ಪಾಳೇಗಾರರದು ಅನ್ನುವ ಚಟ ಇದೆ, ಎಸ್ಟೇಟಿನವರು ದನ ತಡೆಯಲು ತೆಗೆಸಿದ್ದೂ ಬೇಕಾದಷ್ಟಿದೆ. ನೋಡಿದರೆ ಸ್ವಲ್ಪ ಗೊತ್ತಾಗುತ್ತದೆ. ಎಸ್ಟೇಟಿನದು ಸರ್ವೆ ಗೆರೆ ಹಿಡಿದು ನೆಟ್ಟಗೆ ಹೋಗುತ್ತದೆ. ಊರಿನದು ಊರು ಸುತ್ತುತ್ತದೆ, ಒಂದು ಕಡೆ ಬಾಗಿಲಿನ ಜಾಗ ಬಿಟ್ಟಿರುತ್ತದೆ, ಅಲ್ಲಿ ಕಲ್ಲು ಕಟ್ಟಿದ್ದರೂ ಕಟ್ಟಿರಬಹುದು. ನಿಮ್ಮ ತೋಟದಲ್ಲೋ ಗೋಮಾಳದಲ್ಲೋ ಸುತ್ತು ಹೊಡೆದ ಅಗಳು ಇದ್ದರೆ ಜೆಸಿಬಿ ಬರುವ ಮೊದಲು ಒಂದು ಫೋಟೋ ತೆಗೆದು, ಸರ್ವೆ ನಂಬರ್ ಬರೆದಿಡಿ. ಫೋನ್ ಮಾಡಿದರೆ ನಾನೂ ಅಣ್ಣನೂ ಬಂದು ನೋಡ್ತೀವಿ. ಮಳೆ ಹೊಳವಾದ ಮೇಲೆ, ಕಾಫಿ ಕುಯ್ಲು ಶುರುವಾಗೋದರ ಒಳಗೆ.