ಪಾರಸಿ ರತ್ನಗಂಬಳಿ: ಊರಿಗೆ ಹೆಸರು, ಕೈಗೆ ಹೆಸರಿಲ್ಲ

ಹಿಜರಿ 16ನೆಯ ವರ್ಷ, ಅಂದರೆ ಕ್ರಿ.ಶ. 637ರಲ್ಲಿ, ಸಅದ್ ಬಿನ್ ಅಬೀ ವಕ್ಕಾಸ್(ರ)ರ ಸೇನೆಯು ಸಾಸಾನೀ ರಾಜಧಾನಿ ಮದಾಇನನ್ನು ಪ್ರವೇಶಿಸಿದಾಗ ಕಿಸ್ರಾನ ಅರಮನೆಯಲ್ಲಿ ಒಂದು ಬೃಹತ್ ಹಾಸು ದೊರೆಯಿತು. ಇತಿಹಾಸಕಾರ ತಬರೀ ವಿವರಿಸುವಂತೆ ಅದು 60 ಮೊಳ ಉದ್ದ, 60 ಮೊಳ ಅಗಲವಿತ್ತು. ನೆಲಕ್ಕೆ ಚಿನ್ನ, ಕಾಲುವೆಗಳಿಗೆ ರತ್ನ, ಎಲೆಗಳಿಗೆ ರೇಷ್ಮೆ. ಹೂವಿಲ್ಲದ ಚಳಿಗಾಲದಲ್ಲಿ ತೋಟದೊಳಗಿರುವಂತೆ ಭಾಸವಾಗಲೆಂದು ಅದರ ಮೇಲೆ ಪಾನಗೋಷ್ಠಿಗಳು ನಡೆಯುತ್ತಿದ್ದವು. ಹಾಸು ಮದೀನಾ ತಲುಪಿದಾಗ, ಅಲೀ(ರ)ರ ಸಲಹೆಯಂತೆ ಖಲೀಫಾ ಉಮರ್(ರ) ಅದನ್ನು ಕತ್ತರಿಸಿ ಜನರಿಗೆ ಹಂಚಿದರು. ಅಲೀ(ರ)ರ ಪಾಲಿನ ತುಂಡು 20,000 ದಿರ್ಹಮಿಗೆ ಮಾರಾಟವಾಯಿತು; ಅದು ತುಂಡುಗಳಲ್ಲಿ ಶ್ರೇಷ್ಠವಾದುದೂ ಆಗಿರಲಿಲ್ಲವಂತೆ.

ಪ್ರವಾದಿವರ್ಯರ(ಸ) ಪಾರ್ಶ್ವದಲ್ಲಿ ಚಾಪೆಯ ಗುರುತು ಮೂಡಿದ್ದನ್ನು ಕಂಡು, ಕಿಸ್ರಾ ಮತ್ತು ಕೈಸರರ ವೈಭವವನ್ನು ನೆನೆದು ಕಣ್ಣೀರಿಟ್ಟವರು ಇದೇ ಉಮರ್(ರ). ಅದೇ ಕಿಸ್ರಾನ ಹಾಸು ಅವರ ಮುಂದೆ ಬಂದು ಬಿದ್ದಾಗ ಅದನ್ನು ತುಂಡರಿಸಲು ಅವರ ಕೈ ನಡುಗದಿದ್ದುದರಲ್ಲಿ ಅಚ್ಚರಿಯೇನಿದೆ?

ಹಾಸು ಚೂರಾಯಿತು, ತೋಟದ ಕಲ್ಪನೆ ಉಳಿಯಿತು. ಕಾಲುವೆಗಳು ವಿಭಾಗಿಸಿದ ಉದ್ಯಾನದ ವಿನ್ಯಾಸವನ್ನು ಇರಾನಿನ ನೇಕಾರರು ಶತಮಾನಗಳ ನಂತರವೂ ನೇಯ್ದರು. ಅದರ ಜೊತೆಗೆ ನಡುವೆ ಪದಕ, ಮೂಲೆಗಳಲ್ಲಿ ಅದರ ಕಾಲುಭಾಗವಿರುವ ‘ಲಚಕ್ ತುರಂಜ್’, ಸಣ್ಣ ಮೀನಿನಾಕಾರದ ಎಲೆಗಳ ‘ಮಾಹೀ’, ನಮಾಝಿಗೆಂದು ಮಿಹ್ರಾಬಿನ ಕಮಾನು ಬಿಡಿಸಿದ ‘ಮಿಹ್ರಾಬೀ’ ಮೊದಲಾದ ವಿನ್ಯಾಸಗಳು ಬೆಳೆದವು. ನಮ್ಮ ಮನೆಗಳ ಮುಸಲ್ಲಾಗಳಲ್ಲಿ ಇಂದು ಯಂತ್ರವು ಅಚ್ಚೊತ್ತುವ ಕಮಾನು ಈ ಕೊನೆಯದರ ಬಂಧುವೇ.

ವಿನ್ಯಾಸಕ್ಕಿಂತ ಹೆಚ್ಚಾಗಿ ಊರಿನ ಹೆಸರಿನಿಂದಲೇ ರತ್ನಗಂಬಳಿಗಳನ್ನು ಗುರುತಿಸುವುದು ರೂಢಿ. ಕಾಶಾನ್, ಕಿರ್ಮಾನ್, ತಬ್ರೀಝ್, ಇಸ್ಫಹಾನ್ ಪ್ರಸಿದ್ಧ ನಗರಗಳು. ಕಿರ್ಮಾನಿನಲ್ಲಿ ಯಾವ ಬಣ್ಣದ ಎಷ್ಟು ಗಂಟು ಹಾಕಬೇಕೆಂದು ಒಬ್ಬರು ರಾಗವಾಗಿ ಹೇಳುತ್ತಿದ್ದರು, ಮಗ್ಗದ ಮುಂದೆ ಕುಳಿತವರು ಅದನ್ನು ಕೇಳಿ ನೇಯುತ್ತಿದ್ದರು. ಹೆರೀಝ್ ಪ್ರದೇಶದ ಹಳ್ಳಿಗಳದ್ದು ದಪ್ಪ ನೇಯ್ಗೆ, ಕೋನಾಕಾರದ ರೇಖೆಗಳು. ನಾಈನ್ ಮತ್ತು ಕುಮ್‌ಗಳ ಖ್ಯಾತಿಯಾದರೋ 20ನೆಯ ಶತಮಾನದ್ದು. ನಾಈನಿನವರು ಉಣ್ಣೆಯ ನಿಲುವಂಗಿ ನೇಯುತ್ತಿದ್ದರು. ಇರಾನಿನ ಗಂಡಸರು ಪಾಶ್ಚಾತ್ಯ ಉಡುಪಿಗೆ ತಿರುಗಿದಾಗ ಕೆಲಸ ತಪ್ಪಿ ರತ್ನಗಂಬಳಿಗೆ ಬಂದರು. ಸಾಂಪ್ರದಾಯಿಕವೆಂಬ ಪದವನ್ನು ಮಾರಾಟಗಾರರು ಬಳಸುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಅಲೆಮಾರಿಗಳದ್ದು ಬೇರೆಯೇ ಲೋಕ. ಫಾರ್ಸ್ ಪ್ರಾಂತದ ಕಶ್ಕಾಯೀ ಮಹಿಳೆಯರು ಮಗ್ಗವನ್ನು ನೆಲಕ್ಕೆ ಗೂಟ ಹೊಡೆದು ಹೂಡುತ್ತಾರೆ. ವಲಸೆ ಹೊರಟಾಗ ಸುತ್ತಿಕೊಂಡು ಹೋಗುತ್ತಾರೆ. ಕಾಗದದ ನಕ್ಷೆಯಿಲ್ಲ, ನೆನಪೇ ನಕ್ಷೆ. ರೂನಾಸ್ ಬೇರಿನಿಂದ ಕೆಂಪು, ನೀಲಿ ಗಿಡದಿಂದ ನೀಲಿ, ದಾಳಿಂಬೆ ಸಿಪ್ಪೆಯಿಂದ ಹಳದಿ, ಅಕ್ರೋಟಿನ ಸಿಪ್ಪೆಯಿಂದ ಕಂದು. ಒಂದೊಂದು ಸಲ ಅದ್ದಿದ ಉಣ್ಣೆಯ ಬಣ್ಣ ಒಂದೊಂದು ಬಗೆಯಾಗಿ ಏರಿಳಿಯುವುದನ್ನು ‘ಅಬ್ರಶ್’ ಎನ್ನುತ್ತಾರೆ. ನಮಗೆ ಅದೇ ಹೆಚ್ಚು ಸುಂದರ. ಪರಿಪೂರ್ಣತೆ ಅಲ್ಲಾಹನಿಗೆ ಮಾತ್ರ ಸಲ್ಲುವುದರಿಂದ ನೇಕಾರರು ಬೇಕೆಂದೇ ಒಂದು ತಪ್ಪು ಬಿಡುತ್ತಾರೆಂಬ ಕಥೆಯೂ ಪ್ರಚಲಿತವಿದೆ. ಬೇಕೆಂದು ತಪ್ಪು ಮಾಡಬೇಕಾದರೆ ಉಳಿದುದೆಲ್ಲ ಪರಿಪೂರ್ಣವೆಂಬ ಭಾವನೆ ಮೊದಲು ಬರಬೇಕಲ್ಲವೇ? ವಿನಯವುಳ್ಳ ಕೈಗೆ ಅಂತಹ ಯುಕ್ತಿಯ ಅಗತ್ಯವಿಲ್ಲ.

ಇನ್ನು ಆ ಕೈಗಳ ಮಾತು. ಅರ್ದಬೀಲಿನಲ್ಲಿರುವ ಶೈಖ್ ಸಫಿಯುದ್ದೀನರ ಸಮಾಧಿ ಸಂಕೀರ್ಣಕ್ಕೆ ಸೇರಿದ್ದ ಜೋಡಿ ರತ್ನಗಂಬಳಿಗಳು ಜಗತ್ಪ್ರಸಿದ್ಧ. ದೊಡ್ಡದು ಸುಮಾರು ಹತ್ತೂವರೆ ಮೀಟರ್ ಉದ್ದ, ಐದು ಮೀಟರಿಗೂ ಹೆಚ್ಚು ಅಗಲ. ಅದರಲ್ಲಿ ಸುಮಾರು 2.6 ಕೋಟಿ ಗಂಟುಗಳಿವೆ. ದಿನಕ್ಕೆ 8,000 ಗಂಟು ಹಾಕುವ ಒಬ್ಬರಿಗೆ ಅದು ಒಂದು ದಿನವೂ ಬಿಡುವಿಲ್ಲದ ಸುಮಾರು 9 ವರ್ಷಗಳ ದುಡಿಮೆ. ಅದರ ಮೇಲೆ ಇರುವುದು ಹಿಜರಿ 946 ಎಂಬ ವರ್ಷ, ಕಾಶಾನಿನ ಮಕ್ಸೂದ್ ಎಂಬ ಹೆಸರು. ಅವರು ಕೆಲಸವನ್ನು ನಡೆಸಿದವರಾಗಿರಬೇಕು. ಗಂಟು ಹಾಕಿದವರ ಹೆಸರು ಒಂದೂ ಇಲ್ಲ. 19ನೆಯ ಶತಮಾನದ ಕೊನೆಯಲ್ಲಿ ಇವು ಮಾರಾಟವಾದವು. ಆಗ ಒಂದನ್ನು ಕತ್ತರಿಸಿ ಇನ್ನೊಂದರ ಹರಿದ ಭಾಗಗಳನ್ನು ತುಂಬಲಾಯಿತು. ಪೂರ್ಣವಾದುದನ್ನು 1893ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯವು 2,000 ಪೌಂಡಿಗೆ ಕೊಂಡಿತು. ಅಂಚು ಕಳೆದುಕೊಂಡ ಇನ್ನೊಂದು ಲಾಸ್ ಏಂಜಲೀಸಿನಲ್ಲಿದೆ. ಮದೀನಾದ ಕತ್ತರಿ ಒಬ್ಬನ ಹಾಸನ್ನು ಹಲವರದ್ದಾಗಿಸಿತು. ಈ ಕತ್ತರಿ ಕೆಲಸ ಮಾಡಿದ್ದು ಬೆಲೆಗಾಗಿ.

ಫಾರ್ಸ್ ಮತ್ತು ಕಾಶಾನಿನ ನೇಯ್ಗೆಯ ಕೌಶಲವನ್ನು ಯುನೆಸ್ಕೋ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಶಾನಿನ ನೇಕಾರರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ನಮ್ಮ ನವಲಗುಂದದ ಜಮಖಾನೆ ಗಂಟಿನ ನೇಯ್ಗೆಯದ್ದಲ್ಲ, ಅದು ಪಾರಸಿ ಕಂಬಳಿಯೂ ಅಲ್ಲ. ಆದರೆ ಅದನ್ನು ನೇಯುವವರೂ ಮುಸ್ಲಿಮ್ ಮಹಿಳೆಯರೇ, ಅದನ್ನೂ ನಾವು ಊರಿನ ಹೆಸರಿನಿಂದಲೇ ಕರೆಯುತ್ತೇವೆ. ಕಾಶಾನಿನಲ್ಲಿ ಅಜ್ಜಿಯೂ ತಾಯಿಯೂ ಮಗಳನ್ನು ಮಗ್ಗದ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ.